ಮಿದುಳಿಗೆ ಹೋದ ‘ಡೈ’ ಏನು ಮಾಡುತ್ತದೆ?

ಎಂಆರ್‌ಐ ಮಾಡಿಸಲು ಹೋದಾಗ ‘ಕಾಂಟ್ರಾಸ್ಟ್ (ಡೈ) ಕೊಡಬೇಕು’ ಎಂದ ಕೂಡಲೇ ಮನೆಯವರಲ್ಲಿ ನೂರೆಂಟು ಅನುಮಾನ ಏಳುತ್ತವೆ. ಹೆಚ್ಚಾಗಿ ಕೇಳಿಬರುವ ಐದು ಇಲ್ಲಿವೆ.

ತಪ್ಪು ಕಲ್ಪನೆ: ಡೈಯಿಂದ ರೇಡಿಯೇಷನ್ ಬರುತ್ತದೆ.
ಸತ್ಯ: ಇದು ಗ್ಯಾಡೋಲಿನಿಯಂ ಲೋಹದ ಸಂಯುಕ್ತ, ವಿಕಿರಣ ಸೂಸುವುದಿಲ್ಲ. ಎಂಆರ್‌ಐ ನಡೆಯುವುದೂ ಕಾಂತಕ್ಷೇತ್ರ ಮತ್ತು ರೇಡಿಯೊ ಅಲೆಗಳಿಂದ. ಸಿಟಿ ಸ್ಕ್ಯಾನ್‌ಗೆ ಕೊಡುವ ಅಯೋಡಿನ್ ಡೈ ಬೇರೆ.

ತಪ್ಪು ಕಲ್ಪನೆ: ಡೈ ಹೋದಲ್ಲೆಲ್ಲ ಬೆಳ್ಳಗೆ ಕಾಣುತ್ತದೆ.
ಸತ್ಯ: ಯಂತ್ರ ಗುರುತಿಸುವುದು ಡೈಯನ್ನಲ್ಲ, ಅದರ ಪ್ರಭಾವಕ್ಕೆ ಸಿಕ್ಕ ನೀರಿನ ಹೈಡ್ರೋಜನ್ನನ್ನು. ಟಿ1 ಎಂಬ ಬಗೆಯ ಚಿತ್ರದಲ್ಲಿ ಆ ಜಾಗ ಬೆಳ್ಳಗಾಗುವುದು ನಿಜ. ಆದರೆ ರಕ್ತದ ಹರಿವನ್ನು ಅಳೆಯುವ ಪರ್ಫ್ಯೂಷನ್ ಸ್ಕ್ಯಾನ್‌ನ ಪ್ರಚಲಿತ ವಿಧಾನದಲ್ಲಿ ನಡೆಯುವುದು ತದ್ವಿರುದ್ಧ. ಇಂಜೆಕ್ಟರ್ ಯಂತ್ರವು ಸೆಕೆಂಡಿಗೆ ಸುಮಾರು 4–5 ಮಿ.ಲೀ. ವೇಗದಲ್ಲಿ ಡೈಯನ್ನು ತೋಳಿನ ರಕ್ತನಾಳಕ್ಕೆ ನೂಕುತ್ತದೆ. ಒಂದೆರಡು ಸೆಕೆಂಡಿಗೊಮ್ಮೆ ಮಿದುಳಿನ ಚಿತ್ರ ತೆಗೆಯಲಾಗುತ್ತದೆ. ಡೈ ಹಾಯುವಾಗ ಚಿತ್ರ ಕೆಲವು ಸೆಕೆಂಡು ಕಪ್ಪಾಗಿ, ಮತ್ತೆ ತಿಳಿಯಾಗುತ್ತದೆ. ಎಷ್ಟು ಕಪ್ಪಾಯಿತು, ಎಷ್ಟು ತಡವಾಗಿ ಆಯಿತು ಎಂಬುದರಿಂದ ರಕ್ತದ ಹರಿವನ್ನು ಲೆಕ್ಕ ಹಾಕುತ್ತಾರೆ. ಪಾರ್ಶ್ವವಾಯುವಿನಲ್ಲಿ ರಕ್ತನಾಳ ಕಟ್ಟಿದ ಭಾಗ ತಡವಾಗಿ ಕಪ್ಪಾಗುತ್ತದೆ, ಇಲ್ಲವೇ ಆಗುವುದೇ ಇಲ್ಲ.

ತಪ್ಪು ಕಲ್ಪನೆ: ಬೆಳ್ಳಗೆ ಹೊಳೆದರೆ ಕ್ಯಾನ್ಸರ್ ಗಡ್ಡೆಯೇ.
ಸತ್ಯ: ಆರೋಗ್ಯವಂತ ಮಿದುಳಿನ ರಕ್ತನಾಳಗಳ ಗೋಡೆ ಬಲು ಬಿಗಿ, ಡೈ ಹೊರಗೆ ಸೋರದು. ಹೊಳಪು ಸಾಮಾನ್ಯವಾಗಿ ಆ ತಡೆ ಸಡಿಲವಾದುದರ ಗುರುತು. ಕ್ಷಯದ ಗಂಟು, ಲಾಡಿಹುಳುವಿನ ಕೋಶ, ಕೀವುಗಡ್ಡೆಗಳೂ ಉಂಗುರದಂತೆ ಹೊಳೆಯಬಲ್ಲವು. ಪಿಟ್ಯುಟರಿ ಗ್ರಂಥಿಯಲ್ಲಂತೂ ಆ ತಡೆಯೇ ಇಲ್ಲ, ಹೊಳೆಯುವುದೇ ಅದರ ಸಹಜ ಗುಣ.

ತಪ್ಪು ಕಲ್ಪನೆ: ಡೈಯ ಕುರುಹೂ ಉಳಿಯದಂತೆ ಎಲ್ಲ ಮೂತ್ರದಲ್ಲಿ ಹೋಗುತ್ತದೆ.
ಸತ್ಯ: ಮೂತ್ರಪಿಂಡ ಚೆನ್ನಾಗಿದ್ದರೆ ಬಹುಪಾಲು ಒಂದೇ ದಿನದಲ್ಲಿ ಹೊರಹೋಗುತ್ತದೆ. ಆದರೆ ಮತ್ತೆ ಮತ್ತೆ ಡೈ ಪಡೆದವರ ಮಿದುಳಿನಲ್ಲಿ ಅದು ಉಳಿದಿರಬಹುದೆಂಬ ಸುಳಿವನ್ನು 2014ರಲ್ಲಿ ಜಪಾನಿನ ವೈದ್ಯರು ಪ್ರಕಟಿಸಿದರು. ಇದರಿಂದ ಮಿದುಳಿಗೆ ಹಾನಿಯಾದದ್ದು ಸಾಬೀತಾಗಿಲ್ಲ. ಆದರೂ 2017ರಲ್ಲಿ ಯುರೋಪ್ ಹೆಚ್ಚು ಉಳಿಯುವ ಬಗೆಯ ಕೆಲವು ಡೈಗಳನ್ನು ತಡೆಹಿಡಿಯಿತು. ತೀವ್ರ ಮೂತ್ರಪಿಂಡ ತೊಂದರೆಯಿದ್ದವರಲ್ಲಿ ಕೆಲವು ಹಳೆಯ ಡೈಗಳು ಚರ್ಮ ಗಡುಸಾಗುವ ಕಾಯಿಲೆ ತಂದದ್ದುಂಟು. ಮೂತ್ರಪಿಂಡದ ಸ್ಥಿತಿ ತಿಳಿಸುವ ಕ್ರಿಯಾಟಿನಿನ್ ವರದಿ ಕೇಳುವುದು ಇದಕ್ಕೇ.

ತಪ್ಪು ಕಲ್ಪನೆ: ಡೈ ಇಲ್ಲದೆ ರಕ್ತದ ಹರಿವು ತಿಳಿಯದು.
ಸತ್ಯ: ಕುತ್ತಿಗೆಯಲ್ಲಿ ಹರಿಯುವ ರಕ್ತದ ನೀರಿಗೇ ರೇಡಿಯೊ ಅಲೆಯಿಂದ ಗುರುತು ಹಾಕಿ, ಸುಮಾರು 2 ಸೆಕೆಂಡು ಕಾದು, ಅದು ಮಿದುಳು ಸೇರಿದ್ದನ್ನು ಚಿತ್ರಿಸುವ ವಿಧಾನವಿದೆ. ಸೂಜಿ ಬೇಕಿಲ್ಲ. ಆದರೆ ಗುರುತು ಕೆಲವೇ ಸೆಕೆಂಡಿನಲ್ಲಿ ಅಳಿಯುತ್ತದೆ. ಗಡ್ಡೆಯ ರಕ್ತನಾಳ ಎಲ್ಲಿ ಸೋರುತ್ತಿದೆ ಎಂದು ನೋಡಬೇಕಿದ್ದರೆ ಇಂದಿಗೂ ಡೈಯನ್ನೇ ಕೊಡುತ್ತಾರೆ.