ಎಮ್ಮೆಯ ಹಾಲಿನ ಪೇಡಾಕ್ಕೆ ಜಿಐ ಟ್ಯಾಗ್, ಹೆಂಡಿಗೆ ಗಟಾರ: ಹುಬ್ಬಳ್ಳಿ-ಧಾರವಾಡದ ಗ್ಯಾಸ್ ಲೆಕ್ಕ

ಧಾರವಾಡಿ ಎಮ್ಮೆಯ ಹಾಲಿನ ಬಗ್ಗೆ ನಮ್ಮಲ್ಲಿ ಮಾತಾಡದವರಿಲ್ಲ. ಧಾರವಾಡ ಪೇಡಾಕ್ಕೆ ಜಿಐ ಟ್ಯಾಗ್ ಸಿಕ್ಕು ವರ್ಷಗಳಾದವು. ಎಮ್ಮೆಗೂ ಈಗ ಪ್ರತ್ಯೇಕ ತಳಿ ಅಂತ ರಾಷ್ಟ್ರಮಟ್ಟದ ಮಾನ್ಯತೆ ಇದೆ. ಆದರೆ ಅದೇ ಎಮ್ಮೆ ಹಾಕೋ ಹೆಂಡಿ? ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಅಂದಾಜಿನಲ್ಲಿ ಒಂದು ದೊಡ್ಡ ಜಾನುವಾರು ದಿನಕ್ಕೆ 15ರಿಂದ 20 ಕೆಜಿ ಸೆಗಣಿ ಹಾಕುತ್ತೆ. ಹಳ್ಳಿಯಲ್ಲಿ ಅದು ತಿಪ್ಪಿ ಸೇರುತ್ತೆ, ಇಲ್ಲಾ ಕುಳ್ಳು ಆಗುತ್ತೆ. ಜಾಗವೇ ಇಲ್ಲದ ನಗರದ ಕೊಟ್ಟಿಗೆಗಳಲ್ಲಿ ನೀರು ಹೊಡೆದರೆ ಮುಗೀತು, ಸೀದಾ ಗಟಾರಕ್ಕೆ.

"ಸೆಗಣಿಯಿಂದ ಸಂಪತ್ತು" ಅನ್ನೋ ಮಾತು 2018ರಿಂದ ಜೋರಾಗಿದೆ. ಆ ವರ್ಷದ ಕೇಂದ್ರ ಬಜೆಟ್‌ನಲ್ಲಿ ಗೋಬರ್‌ಧನ್ ಘೋಷಣೆಯಾಯಿತು. ಅದೇ ಅಕ್ಟೋಬರ್‌ನಲ್ಲಿ ಬಂದ 'ಸತತ್' ಯೋಜನೆ 2023ರೊಳಗೆ 5,000 ಸಿಬಿಜಿ, ಅಂದರೆ ಸಂಕುಚಿತ ಜೈವಿಕ ಅನಿಲದ ಸ್ಥಾವರಗಳ ಗುರಿ ಹಾಕಿಕೊಂಡಿತ್ತು. ಗಡುವು ಮುಗಿದಾಗ ಗುರಿಯ ಹತ್ತಿರವೂ ನಾವಿರಲಿಲ್ಲ. ಯಾಕೆ ಅಂತ ಕೇಳೋ ಮೊದಲು ಸೆಗಣಿ ಗ್ಯಾಸ್ ಆಗೋದು ಹೇಗೆ, ಎಷ್ಟು ಅಂತ ನೋಡಿಬಿಡೋಣ. ಈ ವಿಷಯದಲ್ಲಿ ಭಾಷಣ ಜಾಸ್ತಿ, ಲೆಕ್ಕ ಕಡಿಮೆ.

ಸೆಗಣಿಗೆ ಅಷ್ಟೇ ನೀರು ಬೆರೆಸಿ ಗಾಳಿ ಆಡದ ತೊಟ್ಟಿಗೆ ಬಿಡಬೇಕು. ದನದ ಹೊಟ್ಟೆಯಲ್ಲೇ ಇದ್ದ ಸೂಕ್ಷ್ಮಜೀವಿಗಳು ಅಲ್ಲೂ ತಮ್ಮ ಕೆಲಸ ಮುಂದುವರಿಸುತ್ತವೆ: ಮೊದಲು ನಾರು, ಕೊಬ್ಬನ್ನು ಒಡೆದು ಆಮ್ಲ ಮಾಡುತ್ತವೆ, ಕೊನೆಗೆ ಆಮ್ಲವನ್ನು ಮೀಥೇನ್ ಮಾಡುತ್ತವೆ. ಹೊರಬರುವ ಗ್ಯಾಸಿನಲ್ಲಿ ಹೆಚ್ಚುಕಡಿಮೆ 55-65 ಪಾಲು ಮೀಥೇನ್, ಉಳಿದದ್ದು ಬಹುಪಾಲು ಇಂಗಾಲದ ಡೈಆಕ್ಸೈಡ್, ಜೊತೆಗೆ ಕೊಳೆತ ಮೊಟ್ಟೆಯ ವಾಸನೆಯ ಚೂರು ಹೈಡ್ರೋಜನ್ ಸಲ್ಫೈಡ್. ಒಂದು ಕೆಜಿ ಹಸಿ ಸೆಗಣಿಗೆ ಸುಮಾರು 40 ಲೀಟರ್ ಗ್ಯಾಸ್. ಉಳಿಯೋ ಬಗ್ಗಡದಲ್ಲಿ ಸಾರಜನಕ ಹಾಗೇ ಇರುತ್ತೆ, ಹೊಲಕ್ಕೆ ಒಳ್ಳೆ ಗೊಬ್ಬರ. ಕುಳ್ಳು ಸುಟ್ಟರೆ ಆ ಸಾರಜನಕ ಹೊಗೆಯಾಗಿ ಹೋಗುತ್ತೆ, ಶಾಖದಲ್ಲೂ ಹತ್ತರಲ್ಲಿ ಒಂದು ಪಾಲಷ್ಟೇ ಪಾತ್ರೆಗೆ ಸಿಗುತ್ತೆ. ಗ್ಯಾಸಿನ ಒಲೆಯಲ್ಲಿ ಅರ್ಧಕ್ಕಿಂತ ಹೆಚ್ಚು ಸಿಗುತ್ತೆ. ಇನ್ನು ಗಟಾರದಲ್ಲಿ ಕೊಳೆತರೆ ಅದೇ ಮೀಥೇನ್ ಯಾರ ಒಲೆಗೂ ಸಿಗದೆ ಗಾಳಿಗೆ ಸೇರುತ್ತೆ. ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಭೂಮಿಯನ್ನು ಕಾಯಿಸುತ್ತೆ.

ಈಗ ದುಡ್ಡಿನ ಮಾತು. ಹಾಲು ಬತ್ತಿದ ಹಸುವೂ ಸೆಗಣಿಯಿಂದಲೇ ತನ್ನ ಹೊಟ್ಟೆ ಹೊರೆಯುತ್ತೆ ಅನ್ನೋ ವಾದವನ್ನು ರಾಜ್ಯದ 2020ರ ಗೋಹತ್ಯೆ ನಿಷೇಧ ಕಾಯ್ದೆಯ ಚರ್ಚೆ ಬಂದಾಗೆಲ್ಲ ಕೇಳಿದ್ದೀರಿ. ನೀವೇ ಗುಣಿಸಿ ನೋಡಿ. ಹತ್ತು ಕೆಜಿ ಸೆಗಣಿಯಿಂದ 400 ಲೀಟರ್ ಗ್ಯಾಸ್. ಅದು ಎಲ್‌ಪಿಜಿಯಲ್ಲಿ ಹೇಳೋದಾದರೆ ಸುಮಾರು 170 ಗ್ರಾಂ. ಸಿಲಿಂಡರ್‌ಗೆ 900 ರೂಪಾಯಿ ಅಂತ ಹಿಡಿದರೂ ದಿನಕ್ಕೆ ಹತ್ತು-ಹನ್ನೊಂದು ರೂಪಾಯಿ. ಛತ್ತೀಸಗಢ ಸರ್ಕಾರ 2020ರಲ್ಲಿ ಗೋಧನ್ ನ್ಯಾಯ ಯೋಜನೆ ತಂದು ಕೆಜಿಗೆ 2 ರೂಪಾಯಿಯಂತೆ ಸೆಗಣಿ ಖರೀದಿಸಿತು. ಆ ದರದಲ್ಲೂ 20 ರೂಪಾಯಿ. ಇದರಲ್ಲಿ ಒಂದು ದನಕ್ಕೆ ಎಷ್ಟು ದಿನ ಮೇವು ಹಾಕ್ತೀರಿ? ಸೆಗಣಿ ಒಳ್ಳೆಯ ಉಪ-ಆದಾಯ ನಿಜ, ಹಸುವಿನ ಪಿಂಚಣಿ ಆಗೋದಿಲ್ಲ.

ಒಂದು ಕುಟುಂಬದ ಅಡುಗೆಗೆ ಎರಡು ಘನ ಮೀಟರ್ ಸ್ಥಾವರ ಬೇಕು. ಅದಕ್ಕೆ ದಿನಾ 50 ಕೆಜಿ ಸೆಗಣಿ ಅಂದರೆ ನಾಲ್ಕೈದು ದನ. ಜೊತೆಗೆ 50 ಲೀಟರ್ ನೀರು, ತೊಟ್ಟಿಗೆ ಜಾಗ. ಇದೆಲ್ಲ ಇರೋದು ಯಾರ ಮನೆಯಲ್ಲಿ? ಜಾನುವಾರು ಗಣತಿ ಪ್ರಕಾರ 2012ರಲ್ಲಿ ರಾಜ್ಯದಲ್ಲಿ ಸುಮಾರು 95 ಲಕ್ಷ ಆಕಳು-ಎತ್ತುಗಳಿದ್ದವು. 2019ಕ್ಕೆ ಅದು 85 ಲಕ್ಷದ ಹತ್ತಿರಕ್ಕೆ ಇಳಿಯಿತು. ಟ್ರ್ಯಾಕ್ಟರ್ ಬಂದ ಮೇಲೆ ಎತ್ತು ಸಾಕೋರು ಕಡಿಮೆ. ಒಂದೇ ಆಕಳು ಇರೋ ಹೆಣ್ಣುಮಗಳಿಗೆ, ಭೂಮಿ ಇಲ್ಲದ ಮನೆಗೆ ಸಬ್ಸಿಡಿ ಇದ್ದೂ ಇಲ್ಲದ ಹಾಗೆ.

ಇದಕ್ಕೆ ಕರ್ನಾಟಕವೇ ಎರಡು ಪಾಠ ಕಲಿಸಿದೆ. ಒಂದು ತುಮಕೂರು ಜಿಲ್ಲೆ ಕುಣಿಗಲ್ ತಾಲೂಕಿನ ಪುರ ಗ್ರಾಮದ್ದು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಕಟ್ಟಿದ 'ಅಸ್ತ್ರ' ತಂಡ ಅಲ್ಲಿ ಊರಿಗೆಲ್ಲ ಒಂದೇ ಗೋಬರ್ ಗ್ಯಾಸ್ ಸ್ಥಾವರ ಮಾಡಿ ಅಡುಗೆ ಗ್ಯಾಸ್ ಕೊಡಲು ಹೊರಟಿತು. ಆಗಲಿಲ್ಲ. ಊರಿನ ಎಲ್ಲ ಒಲೆಗೆ ಸಾಲುವಷ್ಟು ಸೆಗಣಿಯೇ ಇರಲಿಲ್ಲ. ಊರವರಿಗೆ ಮೊದಲು ಬೇಕಾಗಿದ್ದು ಕುಡಿಯೋ ನೀರು. 1987ರಿಂದ ಅದೇ ಗ್ಯಾಸಿನಿಂದ 5 ಕಿಲೋವ್ಯಾಟ್ ಎಂಜಿನ್ ಓಡಿಸಿ ಕೊಳವೆಬಾವಿ ನೀರು ನಲ್ಲಿಗೆ ಬಂತು, ಮನೆಗಳಲ್ಲಿ ದೀಪ ಹತ್ತಿತು. ಸೆಗಣಿ ತಂದುಕೊಟ್ಟವರಿಗೆ ಕೆಜಿಗೆ 2 ಪೈಸೆ ಕೂಲಿ, ಜೊತೆಗೆ ಅವರ ಪಾಲಿನ ಬಗ್ಗಡ ವಾಪಸ್. ಆ ಕೂಲಿ ಹೆಚ್ಚಾಗಿ ಹೊತ್ತು ತರೋ ಹೆಂಗಸರು, ಮಕ್ಕಳ ಕೈಗೇ ಹೋಗುತ್ತಿತ್ತು. ವರ್ಷಗಟ್ಟಲೆ ನಡೆದು ನಿಂತ ಪ್ರಯೋಗ ಅದು. ದನ ಇದ್ದವರು, ಇಲ್ಲದವರು ಅನ್ನದೆ ಲಾಭ ಎಲ್ಲರಿಗೂ ತಲುಪಿದ್ದರಿಂದಲೇ ಅಷ್ಟು ವರ್ಷ ನಡೆಯಿತು ಅಂತ ನನಗನ್ನಿಸುತ್ತೆ.

ಇನ್ನೊಂದು ಪಾಠ ನಮ್ಮ ಪಕ್ಕದ ಶಿರಸಿಯದು. ಅಲ್ಲಿನ ಮನೆಮನೆಯ ಗೋಬರ್ ಗ್ಯಾಸ್ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ನೋಡಿದ ಸ್ಥಾವರಗಳೆಲ್ಲ ಕೆಲಸ ಮಾಡುತ್ತಿದ್ದವು. ದೇಶದ ಬೇರೆಡೆ ಅರ್ಧಕ್ಕೆ ಕೆಟ್ಟು ನಿಂತಿರೋ ತೊಟ್ಟಿಗಳನ್ನು ನೋಡಿದವರಿಗೆ ಇದು ಸಣ್ಣ ಮಾತಲ್ಲ. ಅಲ್ಲಿ ಕಟ್ಟೋರ ನಡುವೆ ಪೈಪೋಟಿ ಇತ್ತು, ಕಟ್ಟಿದವರೇ ದುರಸ್ತಿಗೆ ಬರುತ್ತಿದ್ದರು. ಅದರ ಜೊತೆಗೆ ಅಡಿಕೆ ತೋಟ, ಕೊಟ್ಟಿಗೆ, ಹತ್ತಿರದಲ್ಲೇ ನೀರು ಇದ್ದ ಮನೆಗಳವು ಅನ್ನೋದನ್ನೂ ಮರೆಯಬಾರದು. ನವಲಗುಂದದ ಎರಿ ಹೊಲಕ್ಕೆ ಆ ಮಾದರಿಯನ್ನು ಹಾಗೇ ಎತ್ತಿ ತರೋಕಾಗಲ್ಲ. ಎರಿ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತೆ, ಬೇಸಿಗೆಯಲ್ಲಿ ಬಿರಿಯುತ್ತೆ. ನೆಲದೊಳಗಿನ ಇಟ್ಟಿಗೆ ಗುಮ್ಮಟಕ್ಕೆ ಸರಿಯಾದ ಪಾಯ ಹಾಕದಿದ್ದರೆ ಸೀಳು ಬಿಟ್ಟು ಗ್ಯಾಸ್ ಸೋರುತ್ತೆ. ಗುತ್ತಿಗೆದಾರನಿಗೆ ಬಿಲ್ ಆಗಿರುತ್ತೆ, ಮನೆಯವರು ಮತ್ತೆ ಕಟ್ಟಿಗೆಗೆ ಹೋಗ್ತಾರೆ.

ಹಾಗಾದರೆ ಅವಳಿ ನಗರದಲ್ಲಿ? ಇಲ್ಲಿನ ಚಿತ್ರ ಹಳ್ಳಿಗೆ ಪೂರಾ ಉಲ್ಟಾ. ಹಳ್ಳಿಯ ಒಂದೊಂದು ಮನೆಗೆ ಸೆಗಣಿ ಸಾಲದು, ಗೌಳಿಗರ ಓಣಿಯಲ್ಲಿ ಒಂದೇ ಕಡೆ ರಾಶಿ ಬೀಳುತ್ತೆ. ಇಪ್ಪತ್ತು ಎಮ್ಮೆ ಇರೋ ಓಣಿ ಅಂತ ಇಟ್ಟುಕೊಳ್ಳಿ: 300 ಕೆಜಿ ಹೆಂಡಿ, 12 ಘನ ಮೀಟರ್ ಗ್ಯಾಸ್, ಮೂರು ದಿನಕ್ಕೊಂದು ಸಿಲಿಂಡರ್ ಲೆಕ್ಕ. ಹಾಲು ಕಾಸಿ ಕಾಸಿ ಖವಾ ಮಾಡೋ ಕೆಲಸಕ್ಕೆ ಗಂಟೆಗಟ್ಟಲೆ ಉರಿ ಬೇಕು. ಎಮ್ಮೆಯ ಹಾಲು ಅದೇ ಎಮ್ಮೆಯ ಹೆಂಡಿಯಲ್ಲಿ ಕಾಯಬಹುದು, ಇದರಲ್ಲಿ ದೊಡ್ಡ ತಂತ್ರಜ್ಞಾನವೇನೂ ಇಲ್ಲ.

ಬದಲಿಗೆ ಬರುತ್ತಿರೋದು ಬೇರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2020ರಲ್ಲಿ ಡೇರಿ, ಗೋಶಾಲೆಗಳಿಗೆ ಮಾರ್ಗಸೂಚಿ ಕೊಟ್ಟಿತು. ಗಟಾರಕ್ಕೆ ಸೆಗಣಿ ಬಿಡಬಾರದು ಅನ್ನೋದು ಸರಿ. ಗೊಬ್ಬರ ಮಾಡಿ, ಗ್ಯಾಸ್ ಮಾಡಿ ಅಂತಲೂ ಹೇಳುತ್ತೆ. ಜೊತೆಗೆ ಕೊಟ್ಟಿಗೆಗಳು ವಸತಿಯಿಂದ ದೂರ, ಊರಾಚೆ ಇರಬೇಕು ಅನ್ನುತ್ತೆ. ನಮ್ಮ ನಗರಾಡಳಿತಗಳಿಗೆ ಇಂಥ ದಾಖಲೆಯಲ್ಲಿ ಮೊದಲು ಕಣ್ಣಿಗೆ ಬೀಳೋದು ಯಾವ ಸಾಲು ಅಂತ ಹೇಳಬೇಕಾ? ಸ್ಥಾವರ ಕಟ್ಟೋದಕ್ಕಿಂತ ಎಮ್ಮೆ ಎತ್ತಂಗಡಿ ಮಾಡೋದು ಸಲೀಸು. ತಲೆಮಾರುಗಳಿಂದ ಊರಿನ ಮಧ್ಯೆ ಎಮ್ಮೆ ಕಟ್ಟಿದ ಗೌಳಿಗರಿಗೆ ಊರಾಚೆ ಅಂದರೆ ಕಸುಬೇ ಆಚೆ ಅಂತ ಅರ್ಥ. ಪೇಡಾದ ಟ್ಯಾಗ್ ಮಾತ್ರ ಊರಲ್ಲೇ ಉಳಿಯುತ್ತೆ.

ಹಣ ಹರಿಯೋ ದಿಕ್ಕನ್ನೂ ನೋಡಿ. 2022ರ ನವೆಂಬರ್‌ನಲ್ಲಿ ಪ್ರಕಟವಾದ ರಾಷ್ಟ್ರೀಯ ಜೈವಿಕ ಶಕ್ತಿ ಕಾರ್ಯಕ್ರಮದ ಮೊದಲ ಹಂತಕ್ಕೆ 858 ಕೋಟಿ ರೂಪಾಯಿ. ಅದರಲ್ಲಿ ತ್ಯಾಜ್ಯದಿಂದ ಶಕ್ತಿ ತೆಗೆಯೋ ದೊಡ್ಡ ಸ್ಥಾವರಗಳ ಬಾಬತ್ತಿಗೆ 600 ಕೋಟಿ, ಮನೆ ಮತ್ತು ಊರಿನ ಮಟ್ಟದ ಬಯೋಗ್ಯಾಸ್‌ಗೆ 100 ಕೋಟಿ. ದೊಡ್ಡ ಸ್ಥಾವರ ಗ್ಯಾಸನ್ನು ಶುದ್ಧ ಮಾಡಿ, ಒತ್ತಿ, ವಾಹನಕ್ಕೆ ಇಲ್ಲವೇ ಪೈಪಿಗೆ ಕೊಡಬಲ್ಲದು. ದಾಭೋಳ್-ಬೆಂಗಳೂರು ಗ್ಯಾಸ್ ಪೈಪ್‌ಲೈನ್ ಧಾರವಾಡ ಜಿಲ್ಲೆಯಲ್ಲೇ ಹಾದುಹೋಗುತ್ತೆ, ಹಾಗಾಗಿ ಇದು ಕನಸೂ ಅಲ್ಲ. ಆದರೆ ಆ ಸ್ಥಾವರಕ್ಕೆ ದಿನಾ ಟನ್‌ಗಟ್ಟಲೆ ಸೆಗಣಿ ಲಾರಿಯಲ್ಲಿ ಬರಬೇಕು. ಮುಕ್ಕಾಲು ಪಾಲು ನೀರೇ ಇರೋ ಸರಕನ್ನು ದೂರ ಸಾಗಿಸಿದರೆ ಡೀಸೆಲ್ಲೇ ಲಾಭ ತಿನ್ನುತ್ತೆ. ಖರ್ಚು ಉಳಿಸೋಕೆ ಕಂಪನಿ ಸೆಗಣಿಯ ದರ ಇಳಿಸುತ್ತೆ, ಇಲ್ಲಾ 'ತ್ಯಾಜ್ಯ' ಅಂತ ಪುಕ್ಕಟೆ ಕೇಳುತ್ತೆ.

ನಡುವಿನ ದಾರಿಯೊಂದು ಗುಜರಾತಿನ ಆಣಂದ್ ಹತ್ತಿರದ ಜಕರಿಯಾಪುರದಲ್ಲಿದೆ. ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಅಲ್ಲಿ ಮಹಿಳೆಯರ ಸಹಕಾರ ಸಂಘ ಮಾಡಿತು. ಗ್ಯಾಸ್ ಅವರವರ ಒಲೆಗೆ, ಮಿಕ್ಕ ಬಗ್ಗಡ ಸಂಘಕ್ಕೆ ಮಾರಾಟ. ನಮ್ಮಲ್ಲಿ ಹಾಲಿನ ಸಂಘಗಳಿವೆ, ಹಳ್ಳಿಯಿಂದ ಹಾಲು ಎತ್ತೋ ಗಾಡಿಗಳಿವೆ, ಕೃಷಿ ವಿಶ್ವವಿದ್ಯಾಲಯ ಧಾರವಾಡದಲ್ಲೇ ಇದೆ. ಹಾಲಿಗೆ ಡಿಗ್ರಿ, ಫ್ಯಾಟ್ ನೋಡಿ ದರ ಕಟ್ಟೋ ವ್ಯವಸ್ಥೆಗೆ ಬಗ್ಗಡಕ್ಕೂ ದರ ಕಟ್ಟೋದು ಕಷ್ಟವೇ?

2025ರ ಜನವರಿಯಲ್ಲಿ ಧಾರವಾಡಕ್ಕೆ ಪ್ರತ್ಯೇಕ ಮಹಾನಗರ ಪಾಲಿಕೆ ಮಾಡಲು ರಾಜ್ಯ ಸಂಪುಟ ಒಪ್ಪಿದೆ. 82 ವಾರ್ಡ್‌ಗಳು ಹಂಚಿಹೋಗುವಾಗ ಕಸದ ಗುತ್ತಿಗೆಗಳೂ ಹೊಸದಾಗಿ ಬರೆಯಲ್ಪಡುತ್ತವೆ. ಆ ಕಾಗದದಲ್ಲಿ ಹೆಂಡಿಯನ್ನು ಕಸ ಅಂತ ಬರೆದರೆ ಅದು ಗುತ್ತಿಗೆದಾರನ ಸೊತ್ತು. ಎಮ್ಮೆ ಸಾಕಿದವರ ಸರಕು ಅಂತ ಬರೆದರೆ ಪಾಲಿಕೆ ಅದಕ್ಕೆ ದರ ಕೊಡಬೇಕಾಗುತ್ತೆ. ಕರಡು ಬಂದಾಗ ಆಕ್ಷೇಪಣೆ ಸಲ್ಲಿಸೋಕೆ ಅವಕಾಶ ಇರುತ್ತೆ. ನಿಮ್ಮ ವಾರ್ಡಿನ ಸದಸ್ಯರನ್ನು ಈಗಲೇ ಒಮ್ಮೆ ಕೇಳಿ ನೋಡ್ರಿ, ಯಾವ ಪದ ಹಾಕ್ತಾರೆ ಅಂತ.