ತೋರಿಸಿದರೆ ಕಲಿಯುವ ಶರೀರ: ಬಯೋಫೀಡ್‌ಬ್ಯಾಕ್ ಮತ್ತು ಅದನ್ನು ಕಲಿಸುವವರ ಕಲಿಕೆ

ಹೃದಯದ ಬಡಿತ, ಬೆರಳ ತುದಿಯ ಉಷ್ಣಾಂಶ, ಅಂಗೈಯ ಬೆವರು, ಹಣೆಯ ಸ್ನಾಯುಗಳ ಬಿಗಿತ, ಮಿದುಳಿನ ವಿದ್ಯುತ್ ಚಟುವಟಿಕೆ ಮುಂತಾದವು ಸಾಮಾನ್ಯವಾಗಿ ಮನುಷ್ಯನ ಅರಿವಿಗೆ ನಿಲುಕದೆ ತಮ್ಮಷ್ಟಕ್ಕೆ ತಾವೇ ನಡೆಯುವ ವ್ಯಾಪಾರಗಳು. ಇವುಗಳಲ್ಲಿ ಒಂದನ್ನು ಯಂತ್ರದಿಂದ ಅಳೆದು, ಅಳತೆಯಲ್ಲಾಗುವ ಏರಿಳಿತವನ್ನು ಆಯಾ ಕ್ಷಣದಲ್ಲಿಯೇ ದನಿಯಾಗಿ ಇಲ್ಲವೆ ಪರದೆಯ ಮೇಲಿನ ಗೆರೆಯಾಗಿ ಅದೇ ವ್ಯಕ್ತಿಗೆ ತೋರಿಸುತ್ತ ಹೋದರೆ, ಕೆಲವು ವಾರಗಳ ಅಭ್ಯಾಸದಿಂದ ಆತ ಅದನ್ನು ಬೇಕಾದ ದಿಕ್ಕಿಗೆ ತಕ್ಕಮಟ್ಟಿಗೆ ತಿರುಗಿಸಿಕೊಳ್ಳಲು ಕಲಿಯುತ್ತಾನೆಂಬುದು ಬಯೋಫೀಡ್‌ಬ್ಯಾಕ್ ಎಂಬ ವಿಧಾನದ ತಿರುಳು. ಅಳೆಯುವುದು ಮಿದುಳಿನ ಅಲೆಗಳನ್ನಾದರೆ ಅದೇ ವಿಧಾನವನ್ನು ನ್ಯೂರೋಫೀಡ್‌ಬ್ಯಾಕ್ ಎನ್ನುತ್ತಾರೆ. ಕಿರಾಣಾ ಮತ್ತು ಜೈಪುರ-ಅತ್ರೌಲಿ ಘರಾಣೆಗಳ ಹಾಡುಗಾರಿಕೆಯನ್ನು ಕೇಳುತ್ತ ಬೆಳೆದ ಧಾರವಾಡದವರಿಗೆ ಇದನ್ನು ತಿಳಿಸುವುದು ಕಷ್ಟವಲ್ಲ: ಷಡ್ಜ ಹಿಡಿಯಲು ಕಲಿಯುವ ವಿದ್ಯಾರ್ಥಿಗೆ ಧ್ವನಿಪೆಟ್ಟಿಗೆಯ ಯಾವ ಸ್ನಾಯುವನ್ನು ಎಷ್ಟು ಬಿಗಿಯಬೇಕೆಂಬುದು ಗೊತ್ತಿರುವುದಿಲ್ಲ, ತಂಬೂರಿಯ ನಾದಕ್ಕೂ ತನ್ನ ದನಿಗೂ ಇರುವ ಅಂತರ ಕಿವಿಗೆ ಬೀಳುತ್ತಿರುವುದರಿಂದಲೇ ಅವನ ಗಂಟಲು ತನ್ನನ್ನು ತಾನು ತಿದ್ದಿಕೊಳ್ಳುತ್ತದೆ. ರಕ್ತನಾಳಗಳ ಮಟ್ಟಿಗೆ ನಮಗೆ ಅಂಥ ಕಿವಿಯಿಲ್ಲ. ಆ ಕೊರತೆಯನ್ನು ಯಂತ್ರ ತುಂಬುತ್ತದೆ.

ಈ ಯಂತ್ರಗಳು ಚಿಕಿತ್ಸೆಗೆಂದು ದೇಹದೊಳಕ್ಕೆ ವಿದ್ಯುತ್ತನ್ನಾಗಲಿ ಔಷಧವನ್ನಾಗಲಿ ಕಳಿಸುವುದಿಲ್ಲ, ಅಳೆದು ತೋರಿಸುತ್ತವೆ, ಅಷ್ಟೆ. ಆದುದರಿಂದ ಬಯೋಫೀಡ್‌ಬ್ಯಾಕ್ ಎಂಬುದು ರೋಗಿ ಸುಮ್ಮನೆ ಕುಳಿತು ಪಡೆಯುವ ಚಿಕಿತ್ಸೆಯಾಗಿರದೆ ಅವನೇ ಕಲಿಯಬೇಕಾದ ಒಂದು ವಿದ್ಯೆಯಾಗಿದೆ. ವಿದ್ಯೆಯೆಂದ ಮೇಲೆ ಕಲಿಸುವವರ ಯೋಗ್ಯತೆಯ ಪ್ರಶ್ನೆ ಯಂತ್ರದ ಬೆಲೆಯ ಪ್ರಶ್ನೆಗಿಂತ ಮೊದಲು ಬರುತ್ತದೆ.

ಸರಳವಾದ ಉದಾಹರಣೆಯೆಂದರೆ ಬೆರಳಿನ ಉಷ್ಣಾಂಶದ ತರಬೇತಿ. ಆತಂಕದಲ್ಲಿರುವಾಗ ಸ್ವಾಯತ್ತ ನರವ್ಯೂಹದ ಅನುವೇದಕ ವಿಭಾಗ, ಅಂದರೆ ದೇಹವನ್ನು ಹೋರಾಟಕ್ಕೋ ಓಟಕ್ಕೋ ಅಣಿಗೊಳಿಸುವ ನರಗಳ ಜಾಲ, ಕೈಬೆರಳುಗಳ ಸಣ್ಣ ರಕ್ತನಾಳಗಳನ್ನು ಕಿರಿದಾಗಿಸುತ್ತದೆ. ಅಲ್ಲಿಗೆ ಹರಿಯುವ ಬಿಸಿರಕ್ತ ಕಡಿಮೆಯಾಗಿ ಬೆರಳು ತಣ್ಣಗಾಗುತ್ತದೆ. ಬೆರಳಿಗೆ ಅಂಟಿಸಿದ ಸಣ್ಣ ಉಷ್ಣಸಂವೇದಕವೊಂದು ಡಿಗ್ರಿಯ ಹತ್ತನೆಯ ಒಂದು ಭಾಗದಷ್ಟು ಬದಲಾವಣೆಯನ್ನೂ ತೋರಿಸುತ್ತಿದ್ದರೆ, ಮನಸ್ಸು ಸಡಿಲಗೊಂಡಂತೆ ಅಂಕಿ ಏರುವುದನ್ನು ಕಲಿಯುವವರು ಕಣ್ಣಾರೆ ಕಾಣುತ್ತಾರೆ. ಸುಮಾರು 35 ಡಿಗ್ರಿ ಸೆಲ್ಸಿಯಸ್ ಮುಟ್ಟುವುದು ವಾಡಿಕೆಯ ಗುರಿ. ವಿಚಿತ್ರವೆಂದರೆ ಕೈಯನ್ನು ಬಿಸಿ ಮಾಡಿಯೇ ತೀರುತ್ತೇನೆಂದು ಹಟ ಹಿಡಿದವರ ಬೆರಳು ಇನ್ನಷ್ಟು ತಣ್ಣಗಾಗುತ್ತದೆ, ಏಕೆಂದರೆ ಆ ಹಟವೇ ಅನುವೇದಕ ನರಗಳನ್ನು ಕೆರಳಿಸುತ್ತದೆ. ಬಯಸಿಯೂ ಬಲವಂತ ಮಾಡದಿರುವ ಈ ಸ್ಥಿತಿಯನ್ನು ಮಾತಿನಲ್ಲಿ ಹೇಳಿ ಕಲಿಸಲಾಗದು, ಅಂಕಿ ಏರಿಳಿಯುವುದನ್ನು ನೋಡುತ್ತ ನೋಡುತ್ತ ಅದು ಕೈಗೂಡಬೇಕು.

ಕರ್ನಾಟಕದಲ್ಲಿ ಈ ಬಗೆಯ ಕುತೂಹಲಕ್ಕೆ ಬಯೋಫೀಡ್‌ಬ್ಯಾಕ್ ಎಂಬ ಹೆಸರು ಹುಟ್ಟುವುದಕ್ಕಿಂತ ಹಿಂದಿನ ಚರಿತ್ರೆಯಿದೆ. ಇಂದಿನ ನಿಮ್ಹಾನ್ಸ್‌ನ ಪೂರ್ವರೂಪವಾದ, 1954ರಲ್ಲಿ ಬೆಂಗಳೂರಿನಲ್ಲಿ ಸ್ಥಾಪನೆಗೊಂಡ ಅಖಿಲ ಭಾರತ ಮಾನಸಿಕ ಆರೋಗ್ಯ ಸಂಸ್ಥೆಯ ಮೊದಲ ನಿರ್ದೇಶಕರಾದ ಡಾ. ಎಂ.ವಿ. ಗೋವಿಂದಸ್ವಾಮಿ ಮತ್ತು ಅವರ ಸಂಗಡಿಗರು ಯೋಗಿಯೊಬ್ಬರನ್ನು ಪ್ರಯೋಗಕ್ಕೆ ಒಳಪಡಿಸಿ ತಮ್ಮ ಅವಲೋಕನಗಳನ್ನು 1958ರಲ್ಲಿ ಸಂಸ್ಥೆಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅದೇ ಕಾಲದಲ್ಲಿ ಅಮೆರಿಕದಿಂದ ಬಂದ ವೆಂಗರ್ ಮತ್ತು ಬಾಗ್ಚಿ ಎಂಬ ವಿಜ್ಞಾನಿಗಳು ಅಳತೆಯ ಉಪಕರಣಗಳನ್ನು ಹೊತ್ತು ಭಾರತದಲ್ಲಿ ಸಂಚರಿಸಿ, ಹೃದಯವನ್ನೇ ನಿಲ್ಲಿಸುತ್ತೇವೆನ್ನುತ್ತಿದ್ದ ಯೋಗಿಗಳನ್ನು ಪರೀಕ್ಷಿಸಿದರು. ಉಸಿರು ಬಿಗಿಹಿಡಿದು ಎದೆಯೊಳಗಿನ ಒತ್ತಡ ಹೆಚ್ಚಿಸಿದಾಗ ಮಣಿಕಟ್ಟಿನ ನಾಡಿ ಕ್ಷೀಣಿಸಿ ಸ್ಟೆತಾಸ್ಕೋಪಿಗೆ ಹೃದಯದ ಸದ್ದು ಕೇಳದಂತಾಗುತ್ತಿತ್ತಾದರೂ ಇ.ಸಿ.ಜಿ. ಕಾಗದದ ಮೇಲೆ ಬಡಿತದ ಗುರುತು ತಪ್ಪದೆ ಮೂಡುತ್ತಿತ್ತೆಂದು ಅವರು ದೆಹಲಿಯ ವಿಜ್ಞಾನಿ ಆನಂದ್ ಅವರೊಡನೆ 1961ರಲ್ಲಿ ವರದಿ ಮಾಡಿದರು. ಯೋಗಿಗಳ ಸಾಮರ್ಥ್ಯವನ್ನು ಅಲ್ಲಗಳೆಯುವುದಕ್ಕಿಂತ ಹೆಚ್ಚಾಗಿ, ಯಾವ ಅಂಗದ ಮೂಲಕ ಯಾವ ಪರಿಣಾಮ ಸಾಧಿತವಾಗುತ್ತಿದೆಯೆಂಬುದನ್ನು ಬಿಡಿಸಿ ನೋಡುವ ಕ್ರಮವನ್ನು ಈ ವರದಿ ಕಲಿಸಿಕೊಟ್ಟಿತು. ಬಯೋಫೀಡ್‌ಬ್ಯಾಕ್ ತರಬೇತಿ ಪಡೆಯುವವರಿಗೆ ಇಂದಿಗೂ ಅದು ಒಳ್ಳೆಯ ಮೊದಲ ಪಾಠ.

1969ರಲ್ಲಿ ಈ ಕ್ಷೇತ್ರಕ್ಕೆ ಹೆಸರೂ ಸಂಘಟನೆಯೂ ಅಮೆರಿಕದಲ್ಲಿ ದೊರೆತವು. ಅದೇ ವರ್ಷ ಅಲ್ಲಿಯ ಮನೋವಿಜ್ಞಾನಿ ನೀಲ್ ಮಿಲ್ಲರ್, ಸ್ನಾಯುಗಳನ್ನು ನಿಶ್ಚಲಗೊಳಿಸಿದ ಇಲಿಗಳು ಕೂಡ ಬಹುಮಾನದ ಆಸೆಯಿಂದ ಹೃದಯಬಡಿತವನ್ನು ಏರಿಸಲು ಅಥವಾ ಇಳಿಸಲು ಕಲಿಯುತ್ತವೆಂಬ ಪ್ರಯೋಗಗಳನ್ನು ಮಂಡಿಸಿ ಸಂಚಲನ ಮೂಡಿಸಿದರಾದರೂ, ಮುಂದಿನ ವರ್ಷಗಳಲ್ಲಿ ಅವರ ಪ್ರಯೋಗಾಲಯದಲ್ಲಿಯೇ ಆ ಫಲಿತಾಂಶ ಮತ್ತೆ ದೊರೆಯಲಿಲ್ಲ, ಮತ್ತು ಅದನ್ನು ಅವರು ಮುಚ್ಚಿಡಲಿಲ್ಲ. ಆ ಪ್ರಾಮಾಣಿಕತೆ ಈ ಕ್ಷೇತ್ರದ ಎಲ್ಲರಿಗೂ ಬಂದಿದ್ದರೆ ಚೆನ್ನಾಗಿತ್ತು.

ನ್ಯೂರೋಫೀಡ್‌ಬ್ಯಾಕ್‌ನ ಕಥೆ ಜರ್ಮನಿಯ ಹಾನ್ಸ್ ಬರ್ಗರ್ 1924ರಲ್ಲಿ ಮನುಷ್ಯನ ತಲೆಯಿಂದ ಮೊದಲ ಬಾರಿಗೆ ವಿದ್ಯುತ್ ಅಲೆಗಳನ್ನು ದಾಖಲಿಸಿದಲ್ಲಿಂದ ಶುರುವಾಗುತ್ತದೆ. ಇ.ಇ.ಜಿ. ಎಂದು ಕರೆಯಲಾಗುವ ಈ ದಾಖಲೆಯಲ್ಲಿ ಸೆಕೆಂಡಿಗೆ 8ರಿಂದ 12 ಬಾರಿ ಏರಿಳಿಯುವ ಆಲ್ಫಾ ಅಲೆಗಳು ಕಣ್ಣು ಮುಚ್ಚಿ ವಿಶ್ರಮಿಸುವಾಗಲೂ, 4ರಿಂದ 8 ಬಾರಿ ಏರಿಳಿಯುವ ಥೀಟಾ ಅಲೆಗಳು ಜೊಂಪು ಹತ್ತುವಾಗಲೂ, ಅದಕ್ಕಿಂತ ವೇಗದ ಬೀಟಾ ಅಲೆಗಳು ಎಚ್ಚರದ ಚಟುವಟಿಕೆಯಲ್ಲಿಯೂ ಹೆಚ್ಚಾಗಿ ಕಾಣುತ್ತವೆ. ಷಿಕಾಗೋದಲ್ಲಿ ಜೋ ಕಮಿಯಾ 1950ರ ದಶಕದ ಕೊನೆಯಲ್ಲಿ, ತಮ್ಮ ಮಿದುಳಿನಲ್ಲಿ ಆಲ್ಫಾ ಅಲೆಗಳು ಎದ್ದಿವೆಯೋ ಇಲ್ಲವೋ ಎಂಬುದನ್ನು ಜನ ಊಹಿಸಿ ಹೇಳಲು ಕಲಿಯಬಲ್ಲರೆಂದು ತೋರಿಸಿದರು. ಲಾಸ್ ಏಂಜಲಿಸ್‌ನ ಬ್ಯಾರಿ ಸ್ಟರ್ಮನ್ ಸೆಕೆಂಡಿಗೆ 12ರಿಂದ 15 ಬಾರಿ ಏರಿಳಿಯುವ ಒಂದು ಬಗೆಯ ಲಯವನ್ನು ಹೆಚ್ಚಿಸಿಕೊಳ್ಳಲು ಬೆಕ್ಕುಗಳಿಗೆ ಆಹಾರದ ಆಸೆ ತೋರಿಸಿ ಕಲಿಸಿದ್ದರು. ಬೇರೊಂದು ಉದ್ದೇಶದಿಂದ ರಾಕೆಟ್ ಇಂಧನವೊಂದರ ವಿಷಪ್ರಭಾವವನ್ನು ಪರೀಕ್ಷಿಸುವಾಗ, ಇತರ ಬೆಕ್ಕುಗಳಿಗಿಂತ ಆ ತರಬೇತಿ ಪಡೆದ ಬೆಕ್ಕುಗಳು ಸೆಳವನ್ನು ಹೆಚ್ಚು ತಡೆದುಕೊಂಡವು. 1972ರಲ್ಲಿ ಅವರು ಮೂರ್ಛೆರೋಗವಿದ್ದ ಯುವತಿಯೊಬ್ಬಳಿಗೆ ಅದೇ ತರಬೇತಿ ನೀಡಿದ ವರದಿ ಪ್ರಕಟಿಸಿದರು.

ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 1980ರ ದಶಕದಲ್ಲಿ ವಿ. ಕುಮಾರಯ್ಯ ಮತ್ತು ಸಹೋದ್ಯೋಗಿಗಳು ಆತಂಕದ ರೋಗಿಗಳಲ್ಲಿ ಸ್ನಾಯುಬಿಗಿತದ ಬಯೋಫೀಡ್‌ಬ್ಯಾಕನ್ನು ಸ್ನಾಯುಗಳನ್ನು ಒಂದೊಂದಾಗಿ ಸಡಿಲಿಸುವ ಹಳೆಯ ವಿಧಾನದೊಡನೆ ಹೋಲಿಸಿ ನೋಡಿದರು. ಮುಂದೆ ಅಲ್ಲಿಯ ಮನೋವಿಜ್ಞಾನಿ ಜಮುನಾ ರಾಜೇಶ್ವರನ್ ಮತ್ತು ಅವರ ತಂಡ, ತಲೆಗೆ ಪೆಟ್ಟು ಬಿದ್ದು ನೆನಪು, ಗಮನ ಮತ್ತು ನೆಮ್ಮದಿಯನ್ನು ಕಳೆದುಕೊಂಡವರಿಗೆ ನ್ಯೂರೋಫೀಡ್‌ಬ್ಯಾಕ್ ನೀಡಿ ಸುಧಾರಣೆಗಳನ್ನು ದಾಖಲಿಸಿದರು. ಬೈಕ್ ಅಪಘಾತಗಳು ದಿನನಿತ್ಯದ ಸುದ್ದಿಯಾಗಿರುವ ನಾಡಿನಲ್ಲಿ ಇದು ಬೇಕಾದ ಸಂಶೋಧನೆಯೇ ಹೌದು. ಆದರೆ ಚಿಕಿತ್ಸೆಗಾಗಿ ಸರದಿ ಕಾಯುತ್ತಿರುವವರೊಡನೆ ಹೋಲಿಸುವ ಇಂಥ ಅಧ್ಯಯನಗಳಲ್ಲಿ ತರಬೇತಿಯ ಫಲವಾವುದು, ಆರೈಕೆ ಮತ್ತು ಭರವಸೆಯ ಫಲವಾವುದು ಎಂದು ಪೂರ್ತಿಯಾಗಿ ಬೇರ್ಪಡಿಸಲಾಗದು.

ಹುಬ್ಬಳ್ಳಿ-ಧಾರವಾಡದ ಮಟ್ಟಿಗೆ ಹೇಳುವುದಾದರೆ, 1845ರಲ್ಲಿ ಬ್ರಿಟಿಷರ ಆಳ್ವಿಕೆಯಲ್ಲಿ ಮನೋರೋಗಿಗಳ ಆಶ್ರಯತಾಣವಾಗಿ ಆರಂಭಗೊಂಡು ಇಂದು ಡಿಮ್ಹಾನ್ಸ್ ಎಂದು ಜನಜನಿತವಾಗಿರುವ ಬೆಳಗಾವಿ ರಸ್ತೆಯ ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆಯಲ್ಲಿ ಚಿಕಿತ್ಸಾ ಮನೋವಿಜ್ಞಾನದ ಎಂ.ಫಿಲ್. ಶಿಕ್ಷಣ ನಡೆದುಬಂದಿದೆ. 1992ರ ಕಾಯಿದೆಯಡಿ ಬಂದ ಭಾರತೀಯ ಪುನರ್ವಸತಿ ಪರಿಷತ್ತು ಈ ಶಿಕ್ಷಣಕ್ಕೆ ರೂಪಿಸಿದ ಪಠ್ಯಕ್ರಮದಲ್ಲಿ ಸ್ನಾಯುಬಿಗಿತ, ಚರ್ಮದ ವಿದ್ಯುತ್‌ವಾಹಕತೆ, ಉಷ್ಣಾಂಶ ಮತ್ತು ಇ.ಇ.ಜಿ.ಗಳ ಬಯೋಫೀಡ್‌ಬ್ಯಾಕ್ ಸೇರಿದೆಯಾದರೂ, ಅದು ಹತ್ತಾರು ಚಿಕಿತ್ಸಾಕ್ರಮಗಳ ನಡುವಿನ ಒಂದು ಅಂಶ ಮಾತ್ರ. ಇದಕ್ಕೇ ಮೀಸಲಾದ ಅರ್ಹತೆಯನ್ನು ಅಮೆರಿಕದಲ್ಲಿ 1981ರಲ್ಲಿ ಸ್ಥಾಪಿತವಾದ, ಬಿ.ಸಿ.ಐ.ಎ. ಎಂದು ಕರೆಯಲಾಗುವ ಪ್ರಮಾಣೀಕರಣ ಸಂಸ್ಥೆ ನೀಡುತ್ತ ಬಂದಿದ್ದು, ಅದು ಅಂಗರಚನೆ ಮತ್ತು ಶರೀರಕ್ರಿಯೆಯ ಜ್ಞಾನ, ತರಗತಿಯ ಪಾಠ, ಅನುಭವಿಯೊಬ್ಬರ ಮೇಲ್ವಿಚಾರಣೆಯಲ್ಲಿ ರೋಗಿಗಳೊಡನೆ ಅಭ್ಯಾಸ ಹಾಗೂ ಲಿಖಿತ ಪರೀಕ್ಷೆಯನ್ನು ಬಯಸುತ್ತದೆ. ಅದರ ನಿಯಮಗಳಲ್ಲಿ ಬಹಳ ವಿವೇಕದ್ದೆಂದು ತೋರುವುದು ಬೇರೆಯೇ ಒಂದು: ಕಲಿಸಲು ಹೊರಟವರು ಮೊದಲು ತಾವೇ ರೋಗಿಯ ಕುರ್ಚಿಯಲ್ಲಿ ಕುಳಿತು ತಮ್ಮ ದೇಹದ ಮೇಲೆ ತರಬೇತಿ ಪಡೆದಿರಬೇಕು. ತಮ್ಮ ಬೆರಳನ್ನೇ ಬೆಚ್ಚಗಾಗಿಸಲಾರದವರು ಇನ್ನೊಬ್ಬರಿಗೆ ಕಲಿಸುವುದು ಹೇಗೆ?

ತರಬೇತಿಯ ಹೆಚ್ಚಿನ ಪಾಲು ನಿಜವಾದ ಸಂಕೇತವನ್ನು ಹುಸಿ ಸಂಕೇತದಿಂದ ಬೇರ್ಪಡಿಸುವುದರಲ್ಲಿಯೇ ಕಳೆಯುತ್ತದೆ. ನೆತ್ತಿಯ ಮೇಲೆ ದೊರೆಯುವ ಮಿದುಳಿನ ಸಂಕೇತ ಹತ್ತಾರು ಮೈಕ್ರೋವೋಲ್ಟಿನಷ್ಟು, ಅಂದರೆ ಟಾರ್ಚಿನ ಸೆಲ್ಲಿಗಿಂತ ಹತ್ತಾರು ಸಾವಿರ ಪಟ್ಟು ದುರ್ಬಲ. ಮೂಗಿನ ಬುಡದಿಂದ ಹಿಂದಲೆಯ ಉಬ್ಬಿನವರೆಗೆ ಟೇಪು ಹಿಡಿದು ಅಳೆದು ಜಾಗ ಗುರುತಿಸಿ, ಅಲ್ಲಿಯ ಕೂದಲನ್ನು ಸರಿಸಿ, ಚರ್ಮವನ್ನು ಉಜ್ಜಿ, ಪೇಸ್ಟು ಹಚ್ಚಿ ಎಲೆಕ್ಟ್ರೋಡನ್ನು ಕೂಡಿಸಬೇಕು. ತಲೆಗೆ ಕೊಬ್ಬರಿ ಎಣ್ಣೆ ಮೆತ್ತಿಕೊಂಡು ಬಂದರೆ ಸಂಪರ್ಕ ಕೆಡುವುದರಿಂದಲೇ ಇ.ಇ.ಜಿ.ಗೆ ಬರುವವರಿಗೆ ಹಿಂದಿನ ದಿನ ತಲೆ ತೊಳೆದುಕೊಂಡು ಎಣ್ಣೆ ಹಚ್ಚದೆ ಬರಲು ಹೇಳುವುದು. ಹೆಸ್ಕಾಂ ಪೂರೈಸುವ 50 ಹರ್ಟ್ಸ್‌ನ ವಿದ್ಯುತ್ತು ಗೋಡೆಯ ತಂತಿಯಿಂದಲೇ ಸಂಕೇತದೊಳಗೆ ಇಣುಕುತ್ತದೆ. ಎಲ್ಲಕ್ಕಿಂತ ಮೋಸದ್ದು ಸ್ನಾಯುಗಳ ಸಂಕೇತ: ಹಲ್ಲು ಕಚ್ಚಿದೊಡನೆ ಕಪಾಲದ ಸ್ನಾಯುಗಳ ವಿದ್ಯುತ್ತು ಬೀಟಾ ಅಲೆಗಳ ವ್ಯಾಪ್ತಿಯಲ್ಲಿ ಸೇರಿಕೊಂಡು, ಬೀಟಾ ಹೆಚ್ಚಿದಾಗ ಓಡುವಂತೆ ಹೊಂದಿಸಿದ ಪರದೆಯ ಮೇಲಿನ ಆಟದ ಕಾರು ಓಡತೊಡಗುತ್ತದೆ. ತರಬೇತಿಗೆ ಬಂದ ಹುಡುಗ ಗಮನ ಹರಿಸಲು ಕಲಿತನೆಂದು ತಂದೆತಾಯಿ ಹಿಗ್ಗುತ್ತಿರುವಾಗ ಅವನು ಕಲಿತದ್ದು ಹಲ್ಲು ಕಚ್ಚುವುದನ್ನು ಮಾತ್ರ ಆಗಿರಬಹುದು. ಇದನ್ನು ಗುರುತಿಸಬಲ್ಲ ಕಣ್ಣು ಯಂತ್ರ ಮಾರುವವರ ಒಂದು ದಿನದ ಪ್ರಾತ್ಯಕ್ಷಿಕೆಯಿಂದ ಬರುವುದಿಲ್ಲ.

ಈ ಸೀಮೆಯಲ್ಲಿ ಕೆಲಸ ಮಾಡುವವರಿಗೆ ಇನ್ನೊಂದು ಸಿದ್ಧತೆಯೂ ಬೇಕು. ಇಲ್ಲಿಯ ರೋಗಿ ತನಗೆ ಆತಂಕವಿದೆಯೆಂದು ಹೇಳುವುದು ಅಪರೂಪ. ‘ಎದಿ ಡಬಡಬ ಅಂತದ’, ‘ತಲಿ ಜಡ ಆಗೇದ’, ‘ಕೈಕಾಲಾಗ ಶಕ್ತಿನ ಇಲ್ಲ’ ಎಂದು ದೇಹದ ಮೂಲಕವೇ ಹೇಳುತ್ತಾನೆ. ದೇಹವನ್ನೇ ಅಳೆದು ತೋರಿಸುವ ಬಯೋಫೀಡ್‌ಬ್ಯಾಕ್ ಇಂಥವರಿಗೆ ಮನಸ್ಸಿನ ಮಾತಿಗಿಂತ ಬೇಗ ಒಗ್ಗುತ್ತದೆ. ಆದರೆ ಇಂಗ್ಲಿಷಿನಿಂದ ಇಳಿಸಿದ ಗ್ರಾಂಥಿಕ ಸೂಚನೆಗಳನ್ನು ಓದುವುದರ ಬದಲು ‘ಭುಜಾ ಸಡಲ ಬಿಡ್ರಿ’ ಎನ್ನುವುದನ್ನು ಚಿಕಿತ್ಸಕರು ಕಲಿತಿರಬೇಕು.

ಇನ್ನು ಪುರಾವೆಯ ಮಾತು. ಇಲ್ಲಿ ಬಯೋಫೀಡ್‌ಬ್ಯಾಕ್ ಮತ್ತು ನ್ಯೂರೋಫೀಡ್‌ಬ್ಯಾಕ್‌ಗಳನ್ನು ಒಂದೇ ತಕ್ಕಡಿಯಲ್ಲಿ ತೂಗಬಾರದು. ಮಲವಿಸರ್ಜನೆಯ ವೇಳೆ ಸಡಿಲಗೊಳ್ಳಬೇಕಾದ ಸ್ನಾಯುಗಳೇ ಬಿಗಿದುಕೊಳ್ಳುವ ಒಂದು ಬಗೆಯ ಹಳೆಯ ಮಲಬದ್ಧತೆಯಲ್ಲಿ ಬಯೋಫೀಡ್‌ಬ್ಯಾಕ್ ವಿರೇಚಕ ಔಷಧಕ್ಕಿಂತ ಮೇಲೆಂದು ಇಟಲಿಯಲ್ಲಿ ನಡೆದು 2006ರಲ್ಲಿ ಪ್ರಕಟವಾದ ಪ್ರಯೋಗ ತೋರಿಸಿತು. ಮೈಗ್ರೇನ್ ಮತ್ತು ಬಿಗಿತದ ತಲೆನೋವಿನಲ್ಲಿಯೂ ಅದಕ್ಕೆ ಗಟ್ಟಿ ಆಧಾರವಿದೆ. ಉಸಿರನ್ನು ಒಳಗೆಳೆದಾಗ ಬಡಿತ ತುಸು ಏರಿ, ಬಿಟ್ಟಾಗ ಇಳಿಯುವ ಸಹಜ ಲಯವನ್ನು ಬಲಪಡಿಸುವ ಹೃದಯಲಯದ ತರಬೇತಿ ನಿಮಿಷಕ್ಕೆ ಸುಮಾರು ಆರು ಉಸಿರಿನ ವೇಗದಲ್ಲಿ ಫಲಕಾರಿಯಾಗುತ್ತದೆ; ಮಂತ್ರಪಠಣ ಮತ್ತು ಕ್ರೈಸ್ತರ ಜಪಮಾಲೆಯ ಪ್ರಾರ್ಥನೆಗಳು ಉಸಿರಾಟವನ್ನು ಅದೇ ವೇಗಕ್ಕೆ ತರುತ್ತವೆಂದು 2001ರಲ್ಲಿ ಬರ್ನಾರ್ಡಿ ಮತ್ತು ಸಂಗಡಿಗರು ವರದಿ ಮಾಡಿದ್ದರು.

ನ್ಯೂರೋಫೀಡ್‌ಬ್ಯಾಕ್‌ನ ಹಾದಿ ಇಷ್ಟು ಸುಗಮವಲ್ಲ. ಎ.ಡಿ.ಎಚ್.ಡಿ. ಎಂದು ಕರೆಯುವ, ಗಮನದ ಕೊರತೆ ಮತ್ತು ಅತಿಚಟುವಟಿಕೆಯ ತೊಂದರೆಯಿದ್ದ 7ರಿಂದ 10 ವರ್ಷದ 144 ಮಕ್ಕಳಲ್ಲಿ ಕೆಲವರಿಗೆ ಅವರದೇ ಮಿದುಳಿನ ಅಲೆಗಳನ್ನೂ ಉಳಿದವರಿಗೆ ಮೊದಲೇ ದಾಖಲಿಸಿದ ಬೇರೆಯವರ ಅಲೆಗಳನ್ನೂ ತೋರಿಸಿ, ಯಾರಿಗೆ ಯಾವುದೆಂಬುದು ಮಕ್ಕಳಿಗಾಗಲಿ ತರಬೇತುದಾರರಿಗಾಗಲಿ ತಿಳಿಯದಂತೆ ಅಮೆರಿಕದಲ್ಲಿ ನಡೆಸಿದ ಪ್ರಯೋಗವೊಂದು 2021ರಲ್ಲಿ ಪ್ರಕಟವಾಯಿತು. ಎರಡೂ ಗುಂಪಿನ ಮಕ್ಕಳು ಸುಧಾರಿಸಿದರು, ಮತ್ತು ಹೆಚ್ಚುಕಡಿಮೆ ಸಮನಾಗಿ ಸುಧಾರಿಸಿದರು. 38 ಪ್ರಯೋಗಗಳ 2,472 ಜನರ ಮಾಹಿತಿಯನ್ನು ಒಟ್ಟುಗೂಡಿಸಿ 2024ರಲ್ಲಿ ಪ್ರಕಟಿಸಿದ ಸಮೀಕ್ಷೆಯೂ ಎ.ಡಿ.ಎಚ್.ಡಿ.ಯ ಲಕ್ಷಣಗಳಲ್ಲಿ ಗಣನೀಯ ಪ್ರಯೋಜನವನ್ನು ಕಾಣಲಿಲ್ಲ. ಮಕ್ಕಳ ಏಕಾಗ್ರತೆ ಹೆಚ್ಚಿಸುವುದಾಗಿ ಹೇಳಿ ಮೂವತ್ತು ನಲವತ್ತು ಬೈಠಕ್ಕುಗಳ ಪ್ಯಾಕೇಜು ಮಾರುವವರು ಈ ಅಂಕಿಗಳನ್ನು ಪೋಷಕರ ಮುಂದಿಡುವುದು ಕಡಿಮೆ.

ಆದುದರಿಂದ ಅವಳಿನಗರದ ಓದುಗರು ಇಂಥ ತರಬೇತಿಗೆ ಹಣ ಕಟ್ಟುವ ಮುನ್ನ ಮೊದಲು ವೈದ್ಯರಿಂದ ರೋಗನಿರ್ಣಯ ಮಾಡಿಸಿಕೊಂಡು, ಬಳಿಕ ತರಬೇತಿ ನೀಡುವವರ ಪುನರ್ವಸತಿ ಪರಿಷತ್ತಿನ ಅಥವಾ ವೈದ್ಯಕೀಯ ಮಂಡಳಿಯ ನೋಂದಣಿ ಯಾವುದು, ಯಾರ ಮೇಲ್ವಿಚಾರಣೆಯಲ್ಲಿ ಕಲಿತರು, ಎಷ್ಟು ಬೈಠಕ್ಕುಗಳ ನಂತರವೂ ಗುಣ ಕಾಣದಿದ್ದರೆ ನಿಲ್ಲಿಸುತ್ತಾರೆ ಎಂಬುದನ್ನು ಸಂಕೋಚವಿಲ್ಲದೆ ಕೇಳಬೇಕು. ಮತ್ತು ಮೂರ್ಛೆರೋಗದ ಮಾತ್ರೆಯನ್ನಾಗಲಿ ಮಾನಸಿಕ ಕಾಯಿಲೆಯ ಔಷಧವನ್ನಾಗಲಿ ಇದರ ಭರವಸೆಯ ಮೇಲೆ ತಾವಾಗಿಯೇ ನಿಲ್ಲಿಸಬಾರದು.