ಏಳು ನಿಮಿಷದ ಚಿತ್ರ, ಇಬ್ಬರ ದುಡಿಮೆ

ದೂರದರ್ಶನ ಒಂದೇ ಇದ್ದ ಕಾಲದಲ್ಲಿ ಬೆಳೆದವರಿಗೆ ‘ಏಕ್ ಅನೇಕ್ ಔರ್ ಏಕ್ತಾ’ ಎಂದರೆ ಸಾಕು, ಅಕ್ಕನನ್ನು ಪ್ರಶ್ನೆಗಳಿಂದ ಕಾಡುವ ಪುಟ್ಟ ತಮ್ಮ ಕಣ್ಣಮುಂದೆ ಬರುತ್ತಾನೆ. ಹಿಂದಿ ಬಾರದ ನಮ್ಮ ಕಡೆಯ ಮಕ್ಕಳಿಗೂ ಕಥೆ ಸಲೀಸಾಗಿ ತಿಳಿಯುತ್ತಿತ್ತು. ಬೇಡನ ಬಲೆಗೆ ಸಿಕ್ಕ ಹಕ್ಕಿಗಳು ಒಮ್ಮೆಲೇ ರೆಕ್ಕೆ ಬಡಿಯುತ್ತವೆ, ಬಲೆಯೇ ಮೇಲೇಳುತ್ತದೆ, ಇಲಿಗಳು ಬಂದು ನೂಲು ಕಡಿಯುತ್ತವೆ. ಪಂಚತಂತ್ರ ಕೇಳಿದವರಿಗೆ ಇದು ಹೊಸದಲ್ಲ. ಗೆರೆಗಳು ಸರಳ, ಚಲನೆ ಮಿತ. ಆ ಬಲೆ ಮಾತ್ರ ಇವತ್ತಿಗೂ ಮರೆಯುವುದಿಲ್ಲ.

1974ರಲ್ಲಿ ಫಿಲ್ಮ್ಸ್ ಡಿವಿಷನ್ ನಿರ್ಮಿಸಿದ ಈ ಚಿತ್ರವನ್ನು ರೂಪಿಸಿದವರು ವಿಜಯಾ ಮುಳೆ ಮತ್ತು ಭೀಮಸೇನ್. ಸಂಗೀತ ವಸಂತ ದೇಸಾಯಿ ಅವರದು. ಮುಳೆ ವೃತ್ತಿಯಿಂದ ಶಿಕ್ಷಣಾಧಿಕಾರಿ. ಪಾಟ್ನಾದಲ್ಲಿ ಫಿಲ್ಮ್ ಸೊಸೈಟಿ ಕಟ್ಟಿದವರು, ಸೆನ್ಸಾರ್ ಮಂಡಳಿಯಲ್ಲೂ ದುಡಿದವರು. ಶೈಕ್ಷಣಿಕ ತಂತ್ರಜ್ಞಾನ ಕೇಂದ್ರದ ಹೊಣೆ ಹೊತ್ತಾಗ ಅವರ ಎದುರಿಗಿದ್ದದ್ದು 1975–76ರ ‘ಸೈಟ್’ ಉಪಗ್ರಹ ಟೀವಿ ಪ್ರಯೋಗ. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಟೀವಿ ಬಂತು. ಕರ್ನಾಟಕದಲ್ಲಿ ಆ ಭಾಗ್ಯ ಬಿಜಾಪುರ, ಗುಲಬರ್ಗಾ, ರಾಯಚೂರಿನ ಹಳ್ಳಿಗಳದು. ಬೆಳಗಿನ ಹೊತ್ತು ಅಲ್ಲಿನ ಮಕ್ಕಳಿಗೆ ಕನ್ನಡದಲ್ಲೇ ಪಾಠ ಬರುತ್ತಿತ್ತು. ಮುಳೆ 2019ರಲ್ಲಿ, 98ರ ವಯಸ್ಸಿನಲ್ಲಿ ತೀರಿಕೊಂಡರು.

ಭೀಮಸೇನ್ ಹುಟ್ಟಿದ್ದು ಮುಲ್ತಾನಿನಲ್ಲಿ. ದೇಶ ವಿಭಜನೆಯ ನಂತರ ಲಖನೌಗೆ ಬಂದು ಚಿತ್ರಕಲೆ, ಸಂಗೀತ ಕಲಿತರು. 1961ರಲ್ಲಿ ಫಿಲ್ಮ್ಸ್ ಡಿವಿಷನ್ ಸೇರಿ ಹಿನ್ನೆಲೆ ಚಿತ್ರ ಬಿಡಿಸುತ್ತಲೇ ಆನಿಮೇಷನ್ ಕಲಿತರು. ಅವರ ‘ದಿ ಕ್ಲೈಂಬ್’ (1970) ಷಿಕಾಗೊ ಚಿತ್ರೋತ್ಸವದಲ್ಲಿ ಸಿಲ್ವರ್ ಹ್ಯೂಗೊ ಪ್ರಶಸ್ತಿ ಗಳಿಸಿತು. ಅಮೋಲ್ ಪಾಲೇಕರ್ ನಟಿಸಿದ ‘ಘರೋಂದಾ’ (1977) ಕೂಡ ಇವರದೇ ಎಂಬುದು ಹೆಚ್ಚಿನವರಿಗೆ ಗೊತ್ತಿಲ್ಲ. ಗೆರೆ ಎಳೆಯುವ ಕೈಯೇ ಮುಂಬೈಯಲ್ಲಿ ಸೂರು ಹುಡುಕುವ ಜೋಡಿಯ ಪಾಡನ್ನೂ ಹೇಳಿತು. 2018ರಲ್ಲಿ ಅವರೂ ಹೋದರು.

ಮಕ್ಕಳ ಮನಸ್ಸು ಬಲ್ಲ ಶಿಕ್ಷಣತಜ್ಞೆ, ಕುಂಚ ಬಲ್ಲ ಕಲಾವಿದ ಜೊತೆಯಾದದ್ದರಿಂದಲೇ ಈ ಚಿತ್ರ ಉಪದೇಶವಾಗಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಈಗಿನ ಶೈಕ್ಷಣಿಕ ವಿಡಿಯೊಗಳಲ್ಲಿ ಬಣ್ಣಕ್ಕೆ ಬರವಿಲ್ಲ, ಆ ಜೊತೆಗಾರಿಕೆಗೆ ಬರ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಸೇರಿದ ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಮೇಷ್ಟ್ರುಗಳಲ್ಲಿ ಒಂದು ಕೋರಿಕೆ. ಪಾವಗಡದ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಓದುವವರು. ಒಂದು, ಅನೇಕ ಎಂಬ ಮಾತು ಅವರಿಗೆ ಬೇಗ ಹಿಡಿಸುತ್ತದೆ. ಸ್ಮಾರ್ಟ್‌ ತರಗತಿಯಲ್ಲಿ ಈ ಚಿತ್ರವನ್ನೊಮ್ಮೆ ಹಾಕಿ, ಕಥೆಯನ್ನು ಕನ್ನಡದಲ್ಲಿ ನೀವೇ ಹೇಳಿ. ಕೊನೆಗೆ ಆ ಇಬ್ಬರ ಹೆಸರನ್ನೂ ಹಲಗೆಯ ಮೇಲೆ ಬರೆಯಿರಿ.